ದಂಡಿನ ಶಾಲೆಗಳು: ದಾನ ಮತ್ತು ಹೊಣೆ

ಊರಿನ ಶಾಲೆ ಯಾರದು ಎಂದು ಕೇಳಿದರೆ ಸರ್ಕಾರದ್ದು ಎಂದು ಹೇಳಿ ಸುಮ್ಮನಾಗುವುದು ನಮಗೆ ರೂಢಿಯಾಗಿದೆ. ಬೆಂಗಳೂರಿನ ಪೂರ್ವ ಭಾಗದ ಚರಿತ್ರೆಯಾದರೋ ಈ ಉತ್ತರವನ್ನು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ.

1809ರಲ್ಲಿ ಬ್ರಿಟಿಷರು ಹಲಸೂರಿನ ಬಳಿ ತಮ್ಮ ದಂಡನ್ನು ನೆಲೆಗೊಳಿಸಿದರು. ದಂಡಿನ ಬೆನ್ನಿಗೆ ವರ್ತಕರು, ಗುತ್ತಿಗೆದಾರರು, ಕೂಲಿಕಾರರು ಬಂದರು. ತಮಿಳು, ಉರ್ದು, ತೆಲುಗುಗಳು ಕನ್ನಡದ ನೆರೆಯಲ್ಲಿ ಮನೆ ಮಾಡಿದವು. 1881ರಲ್ಲಿ ಮೈಸೂರು ಸಂಸ್ಥಾನ ಒಡೆಯರ ಕೈಗೆ ಮರಳಿದಾಗಲೂ ಈ ಪ್ರದೇಶ ‘ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್’ ಎಂಬ ಹೆಸರಿನಲ್ಲಿ ಬ್ರಿಟಿಷ್ ರೆಸಿಡೆಂಟರ ಅಧೀನದಲ್ಲಿಯೇ ಉಳಿಯಿತು. ಆದುದರಿಂದ 1913ರಲ್ಲಿ ಮೈಸೂರು ಸರ್ಕಾರ ಪ್ರಾಥಮಿಕ ಶಿಕ್ಷಣವನ್ನು ಹಂತಹಂತವಾಗಿ ಕಡ್ಡಾಯಗೊಳಿಸುವ ಶಾಸನವನ್ನು ತಂದಾಗ, ಸಂಸ್ಥಾನಕ್ಕೆ ಸೇರಿದ ಕೃಷ್ಣರಾಜಪುರ ಅದರ ಎಲ್ಲೆಯೊಳಗಿತ್ತು. ಕೆಲವೇ ಮೈಲಿ ದೂರದ ಹಲಸೂರು ಹೊರಗಿತ್ತು.

ದಂಡಿನ ಬಡ ಮಕ್ಕಳಿಗೆ ಅಕ್ಷರ ದೊರೆತದ್ದು ಬಹುಮಟ್ಟಿಗೆ ಮಿಷನರಿಗಳಿಂದ ಮತ್ತು ದಾನಿಗಳಿಂದ. ಇಂದು ಉಚ್ಚ ನ್ಯಾಯಾಲಯವಿರುವ ಅಠಾರಾ ಕಚೇರಿಯನ್ನು ಕಟ್ಟಿದ ಗುತ್ತಿಗೆದಾರರಾದ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರು 1873ರಲ್ಲಿ ಇಲ್ಲಿ ಶಾಲೆಯೊಂದನ್ನು ತೆರೆದರು. ಅವರು ಕಟ್ಟಡ ಕೊಟ್ಟು ಕೈತೊಳೆದುಕೊಳ್ಳಲಿಲ್ಲ. ಶಾಲೆ ನಡೆಯಲೆಂದು ಆಸ್ತಿಯನ್ನೇ ಧರ್ಮದತ್ತಿಯಾಗಿ ಬಿಟ್ಟರು. ಒಂದೂವರೆ ಶತಮಾನ ಕಳೆದರೂ ಆ ಸಂಸ್ಥೆ ನಡೆಯುತ್ತಿರುವುದು ದಾನಿ ಉಳಿದದ್ದರಿಂದಲ್ಲ, ದಾನ ಒಂದು ವ್ಯವಸ್ಥೆಯಾದದ್ದರಿಂದ.

1947ರಲ್ಲಿ ದಂಡು ಪ್ರದೇಶ ಮೈಸೂರಿಗೆ ಮರಳಿತು. 1949ರಲ್ಲಿ ಪೇಟೆ ಮತ್ತು ದಂಡುಗಳೆರಡೂ ಒಂದೇ ಕಾರ್ಪೊರೇಷನ್ನಿನಡಿ ಕೂಡಿದವು. ಶಾಲೆಯ ಭಾರ ಕ್ರಮೇಣ ಸರ್ಕಾರದ ಹೆಗಲೇರಿತು. ಆದರೆ ದಾನಿಯ ದಾರಿ ನೋಡುವ ಅಭ್ಯಾಸ ಹೋಗಲಿಲ್ಲ. ಶಿವಾಜಿನಗರದ ವಿ. ಕೆ. ಒಬೇದುಲ್ಲಾ ಸರ್ಕಾರಿ ಶಾಲೆಯನ್ನು ಐ. ಎಂ. ಎ. ಎಂಬ ಹೂಡಿಕೆ ಸಂಸ್ಥೆ ದತ್ತು ಪಡೆಯಿತು. ಕಟ್ಟಡ ಹೊಸದಾಯಿತು, ಹೆಚ್ಚಿನ ಶಿಕ್ಷಕರೂ ಬಂದರು. 2019ರ ಜೂನ್‌ನಲ್ಲಿ ಆ ಸಂಸ್ಥೆಯೇ ಕುಸಿದು ಸಾವಿರಾರು ಹೂಡಿಕೆದಾರರು ಹಣ ಕಳೆದುಕೊಂಡಾಗ, ಅದು ನೇಮಿಸಿದ್ದ ಶಿಕ್ಷಕರು ಸಂಬಳವಿಲ್ಲದೆ ನಿಂತರು. ಗೋಡೆಗಳು ಉಳಿದವು, ಪಾಠ ಹೇಳುವವರ ಗತಿ ಅತಂತ್ರವಾಯಿತು.

ಹಾಗಾದರೆ ಊರವರು ಮೊದಲು ಗಮನಿಸಬೇಕಾದುದು ಯಾವುದನ್ನು? ಶಾಲೆಗೆ ಮಂಜೂರಾದ ಶಿಕ್ಷಕರ ಹುದ್ದೆಗಳು ತುಂಬಿವೆಯೇ ಎಂಬುದನ್ನು. ಮಗುವಿನ ಮನೆಮಾತನ್ನು ಬಲ್ಲವರು ತರಗತಿಯಲ್ಲಿದ್ದಾರೆಯೇ ಎಂಬುದನ್ನು. ಹೆಣ್ಣುಮಕ್ಕಳ ಶೌಚಾಲಯದಲ್ಲಿ ದಿನವೂ ನೀರು ಬರುತ್ತದೆಯೇ ಎಂಬುದನ್ನು. ಬಣ್ಣ, ಕಮಾನು, ಉದ್ಘಾಟನೆಯ ಕಲ್ಲು ಇವುಗಳ ಸರದಿ ಅನಂತರದ್ದು.

ಇವನ್ನು ಕೇಳುವ ಅಧಿಕಾರ ಈಗ ಪೋಷಕರಿಗೇ ಇದೆ. 2001ರಲ್ಲಿ ಕರ್ನಾಟಕ ಸರ್ಕಾರ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳನ್ನು ರಚಿಸಿತು. 2010ರಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕಿನ ಶಾಸನವಂತೂ ಶಾಲಾ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪೋಷಕರಾಗಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು ಎಂದು ವಿಧಿಸಿತು. ಶಾಲೆಗೆ ಬಂದ ಅನುದಾನದ ವೆಚ್ಚವನ್ನು ನೋಡುವುದೂ ಅವರ ಕೆಲಸ.

ಆದರೆ ರಸೆಲ್ ಮಾರುಕಟ್ಟೆಯಲ್ಲಿ ಹೊರೆ ಹೊರುವ ತಂದೆ, ಕೃಷ್ಣರಾಜಪುರದ ಕಡೆ ಕಟ್ಟಡದ ಕೆಲಸಕ್ಕೆಂದು ರಾಯಚೂರು ಯಾದಗಿರಿಗಳಿಂದ ಬಂದ ತಾಯಿ, ಹಗಲು ಹನ್ನೊಂದು ಗಂಟೆಯ ಸಭೆಗೆ ಬರಬೇಕಾದರೆ ಅಂದಿನ ಕೂಲಿಯನ್ನು ಬಿಡಬೇಕು. ಸಭೆ ಭಾನುವಾರ ನಡೆದರೆ ಇವರು ಬಂದಾರು. ಇನ್ನು ಇಂದಿರಾನಗರದ ವಿದ್ಯಾವಂತರ ಮಕ್ಕಳು ಬಹುಪಾಲು ಖಾಸಗಿ ಶಾಲೆಗಳಲ್ಲಿದ್ದಾರೆ. ಸರ್ಕಾರಿ ಶಾಲೆಯ ನೋವು ಯಾರಿಗಿದೆಯೋ ಅವರಿಗೆ ಬಾಯಿಲ್ಲ; ಬಾಯಿ ಯಾರಿಗಿದೆಯೋ ಅವರಿಗೆ ನೋವಿಲ್ಲ. ನಮ್ಮ ಸರ್ಕಾರಿ ಶಾಲೆಗಳ ಬಡತನದ ಬೇರು ಇಲ್ಲಿದೆ.

ಅಕ್ಷರ ಬಲ್ಲ ನೆರೆಹೊರೆಯವರು ಹಣಕ್ಕಿಂತ ಮಿಗಿಲಾದುದನ್ನು ಕೊಡಬಲ್ಲರು: ಶಾಲೆಯ ಲೆಕ್ಕಪತ್ರವನ್ನು ಪೋಷಕರೊಡನೆ ಕುಳಿತು ಓದುವುದು, ಖಾಲಿ ಹುದ್ದೆಗಾಗಿ ಅವರ ಪರವಾಗಿ ಅರ್ಜಿ ಬರೆಯುವುದು, ಉತ್ತರ ಬರುವವರೆಗೆ ಬಿಡದಿರುವುದು. ಮೊದಲಿಯಾರರಂಥ ಆಸ್ತಿವಂತರು ಎಲ್ಲ ಕಾಲದಲ್ಲಿಯೂ ಹುಟ್ಟುವುದಿಲ್ಲ. ತಿಂಗಳಿಗೊಂದು ಭಾನುವಾರವನ್ನು ನೆರೆಯ ಶಾಲೆಗೆ ಕೊಡಬಲ್ಲವರು ಮಾತ್ರ ಪ್ರತಿ ಬೀದಿಯಲ್ಲಿಯೂ ಇದ್ದಾರೆ.