ಹಲಸೂರಿನ ಹೂಪಲ್ಲಕ್ಕಿ, ದಂಡಿನ ರಂಗಭೂಮಿ

ನೃತ್ಯ, ನಾದ, ಬೆಳಕು, ಬಣ್ಣಗಳನ್ನು ಒಂದೆಡೆ ಬೆಸೆದು ನೋಡುಗರನ್ನೂ ತನ್ನೊಳಗೆ ಕರೆದುಕೊಳ್ಳುವಂತೆ ಒಂದು ಜಾಗವನ್ನೇ ಕೃತಿಯಾಗಿ ಕಟ್ಟುವುದು ಪ್ರತಿಷ್ಠಾಪನ ಕಲೆ. ಕಲಾವಿದರ ದೇಹವೇ ಮಾಧ್ಯಮವಾದರೆ ಅದು ಪರ್ಫಾರ್ಮೆನ್ಸ್ ಕಲೆ. ಹೆಸರುಗಳು ಪಶ್ಚಿಮದಿಂದ ಬಂದವಾದರೂ, ಅವು ಸೂಚಿಸುವ ಅನುಭವ ಬೆಂಗಳೂರಿನ ಪೂರ್ವಭಾಗಕ್ಕೆ ಹಳೆಯದು. ಹಲಸೂರಿನ ಸೋಮೇಶ್ವರ ದೇವಾಲಯದ ಜಾತ್ರೆಯಲ್ಲಿ ಸುತ್ತಲಿನ ಗುಡಿಗಳಿಂದ ಹೊರಟ ಹೂವಿನ ಪಲ್ಲಕ್ಕಿಗಳು ದೀಪಗಳ ನಡುವೆ, ನಾದಸ್ವರ ತಮಟೆಗಳೊಡನೆ, ರಾತ್ರಿಯಿಡೀ ಬೀದಿಯಲ್ಲಿ ಸಾಗುವಾಗ, ಆ ಬೀದಿಯೇ ರಂಗವೂ ಆಗುತ್ತದೆ, ಕೃತಿಯೂ ಆಗುತ್ತದೆ; ಬೆಳಗಾದಾಗ ಉಳಿಯುವುದು ಬಾಡಿದ ಹೂವು ಮಾತ್ರ. ಇಂದಿನ ಕಲಾವಿದರ ಪ್ರಯೋಗಗಳಿಗೆ ಇದೇ ಮೂಲವೆಂದು ಸಾಧಿಸುವುದು ಸರಿಯಲ್ಲ. ಆದರೂ ಉಳಿಯಲೆಂದು ಮಾಡದ ಕಲೆಯನ್ನು ಈ ಬೀದಿಗಳು ಬಹುಕಾಲದಿಂದ ಬಲ್ಲವು.

ಈ ಹಲಸೂರಿನ ಬಳಿಯೇ 1809ರಲ್ಲಿ ಬ್ರಿಟಿಷ್ ಸೇನೆಗಾಗಿ ನೆಲೆಗೊಂಡ ದಂಡು (ಕಂಟೋನ್ಮೆಂಟ್), 1949ರಲ್ಲಿ ಹಳೆಯ ಪೇಟೆಯೊಡನೆ ಒಂದೇ ನಗರಪಾಲಿಕೆಗೆ ಸೇರುವವರೆಗೂ ಪ್ರತ್ಯೇಕ ಆಡಳಿತದ ಊರಾಗಿತ್ತು. ತಮಿಳು, ಉರ್ದು, ಕನ್ನಡ, ಇಂಗ್ಲಿಷ್ ಒಂದೇ ಬೀದಿಯಲ್ಲಿ ಕೇಳಿಬರುತ್ತಿದ್ದ ಈ ದಂಡನ್ನೂ ಪೇಟೆಯನ್ನೂ ಒಳಗೊಂಡ ಬೆಂಗಳೂರಿನಲ್ಲಿ 1912ರಲ್ಲಿ ಹುಟ್ಟಿದ ನರ್ತಕ ರಾಮ್ ಗೋಪಾಲ್, ರಜಪೂತ ತಂದೆ ಮತ್ತು ಬರ್ಮಾದ ತಾಯಿಯ ಮಗ. ಪಂದನಲ್ಲೂರು ಮೀನಾಕ್ಷಿಸುಂದರಂ ಪಿಳ್ಳೆಯವರಲ್ಲಿ ಭರತನಾಟ್ಯವನ್ನೂ ಕುಂಜು ಕುರುಪ್ ಅವರಲ್ಲಿ ಕಥಕಳಿಯನ್ನೂ ಕಲಿತು, ಅಮೆರಿಕದ ನರ್ತಕಿ ಲಾ ಮೇರಿಯ ಜೊತೆ ಏಷ್ಯಾದ ಪ್ರವಾಸ ಮಾಡಿ, 1939ರಲ್ಲಿ ಲಂಡನ್ನಿನ ಆಲ್ಡ್‌ವಿಚ್ ರಂಗಮಂದಿರದಲ್ಲಿ ಅವರು ಕುಣಿದರು. ಉಡುಪು, ಕಿರೀಟ, ಬೆಳಕುಗಳನ್ನು ಅವರು ನೃತ್ಯದ ಅಲಂಕಾರವೆಂದಲ್ಲದೆ ಅದರ ಅಂಗವೆಂದೇ ಬಗೆದದ್ದರಿಂದ, ನೃತ್ಯವನ್ನು ದೃಶ್ಯಕಲೆಯೊಂದಿಗೆ ಬೆಸೆದ ಬೆಂಗಳೂರಿಗರ ಸಾಲಿನಲ್ಲಿ ಅವರ ಹೆಸರು ಮೊದಲಿಗೇ ಬರಬೇಕು; ಹುಟ್ಟೂರು ಅವರನ್ನು ಸಾಕಷ್ಟು ನೆನೆದಿಲ್ಲ ಎಂಬುದು ನೋವಿನ ಸಂಗತಿ.

ಆ ಹಾದಿಯನ್ನು ತಂತ್ರಜ್ಞಾನದೊಡನೆ ಮುಂದುವರಿಸಿದ್ದು ಜಯಚಂದ್ರನ್ ಪಾಲಾಳಿ ಅವರ ನೇತೃತ್ವದಲ್ಲಿ 1992ರಲ್ಲಿ ಆರಂಭವಾದ ಸಮಕಾಲೀನ ನೃತ್ಯಸಂಸ್ಥೆ ಅಟ್ಟಕ್ಕಳರಿ. ಅದರ 'ಪುರುಷಾರ್ಥ' ಎಂಬ ನೃತ್ಯಕೃತಿ ಜಪಾನಿನ ಡಿಜಿಟಲ್ ಕಲಾವಿದರ ಜೊತೆಗೂಡಿ ರೂಪುಗೊಂಡಿತು. 'ಕ್ರೋನೋಟೋಪಿಯಾ' ತಮಿಳು ಕಾವ್ಯ ಶಿಲಪ್ಪದಿಕಾರದ ಕಥೆಯನ್ನು ನರ್ತಕರ ಚಲನೆ, ವಿಡಿಯೊ, ಬೆಳಕಿನ ರಚನೆಗಳ ನಡುವೆ ಹೊಸದಾಗಿ ಕಂಡಿತು. ಇಂಥ ಕಲೆಗೆ ಚಿತ್ರಶಾಲೆಯ ಗೋಡೆಯೂ ಸಾಲದು, ನಾಟಕಶಾಲೆಯ ವೇದಿಕೆಯೂ ಒಗ್ಗದು. ಅದು ಹೋದಲ್ಲೆಲ್ಲ ತನ್ನ ಜಾಗವನ್ನು ತಾನೇ ಹುಡುಕಿಕೊಳ್ಳಬೇಕಾಗುತ್ತದೆ. ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನ, 2019ರಲ್ಲಿ ದೊಮ್ಮಲೂರಿನಲ್ಲಿ ತೆರೆದ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರ್ ಇವು ಅಂಥ ನೆಲೆಗಳು. ಮಹಾತ್ಮ ಗಾಂಧಿ ರಸ್ತೆಯ ನೆರಳಿನ ಬುಲೆವಾರ್ಡ್ ಮೆಟ್ರೊ ಕಾಮಗಾರಿಯಲ್ಲಿ ಅಳಿದ ಮೇಲೆ, ಅದೇ ಜಾಗದಲ್ಲಿ, ಮೆಟ್ರೊ ಹಾದಿಯ ಕೆಳಗೆ, 2013ರಲ್ಲಿ ರಂಗೋಲಿ ಮೆಟ್ರೊ ಕಲಾಕೇಂದ್ರ ತೆರೆಯಿತು. ನಡೆದಾಡುವವರ ಜಾಗವನ್ನು ನುಂಗಿದ ಕಾಮಗಾರಿಯೇ ಕಲೆಗೆ ಒಂದು ಜಾಗವನ್ನು ಕೊಟ್ಟಿತೆಂಬುದು ನಿಜವಾದರೂ, ಕಳೆದುಹೋದ ಮರಗಳಿಗೆ ಅದು ಸಾಟಿಯಾಗಲಿಲ್ಲ.

ಬೀದಿಯನ್ನೇ ಮತ್ತೆ ರಂಗವಾಗಿಸಿದವರು ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಲ್ಲಿ ಕಲಿತ ಬಾದಲ್ ನಂಜುಂಡಸ್ವಾಮಿ. 2015ರಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ಹಾಳಾದ ರಸ್ತೆಯ ನೀರು ತುಂಬಿದ ಗುಂಡಿಯೊಳಗೆ ಅವರು ಮೊಸಳೆಯ ಶಿಲ್ಪವೊಂದನ್ನಿಟ್ಟರು. 2017ರಲ್ಲಿ ದಂಡಿನ ನಡುಭಾಗದಲ್ಲಿ, ಕಾಮರಾಜ ರಸ್ತೆಯ ಬಳಿಯ ಗುಂಡಿಯೊಂದನ್ನು ಕೊಳವಾಗಿಸಿ, ನಟಿಯೊಬ್ಬರನ್ನು ಮತ್ಸ್ಯಕನ್ಯೆಯ ವೇಷದಲ್ಲಿ ಅದರಲ್ಲಿ ಕೂರಿಸಿದರು. ಶಿಲ್ಪ, ಅಭಿನಯ, ರಸ್ತೆ, ದಾರಿಹೋಕರು ಎಲ್ಲವೂ ಕೂಡಿದ ಈ ಕೃತಿಗಳಿಗೆ ಟಿಕೆಟ್ ಇರಲಿಲ್ಲ, ಪರದೆಯೂ ಇರಲಿಲ್ಲ. ಅವನ್ನು ಕಾಣಲು ಯಾರೂ ಚಿತ್ರಶಾಲೆಗೆ ಹೋಗಬೇಕಾಗಿರಲಿಲ್ಲ; ಕೆಲಸಕ್ಕೆ ಹೊರಟವರು ಬೈಕು ನಿಲ್ಲಿಸಿ ನೋಡಿದರು.