ಕಲ್ಲಚ್ಚಿನಿಂದ ನಮ್ಮ ಬ್ಯಾನರಿನವರೆಗೆ

ಕೆಲವು ವರ್ಷಗಳ ಹಿಂದಿನ ರಾಜ್ಯೋತ್ಸವ ನಮ್ಮ ಸದಸ್ಯರಲ್ಲಿ ಹಲವರಿಗೆ ನೆನಪಿರಬಹುದು. ವೇದಿಕೆಯ ಹಿಂದೆ ದೊಡ್ಡ ಬ್ಯಾನರು. ಬಣ್ಣ ಚೆಂದ, ಚಿತ್ರ ಚೆಂದ. ಆದರೆ 'ರಾಜ್ಯೋತ್ಸವ' ಎಂಬಲ್ಲಿ ಒತ್ತಾಗಿ ಕೂರಬೇಕಾದ ಯಕಾರ, ಸಕಾರಗಳು ಕಳಚಿ ಪಕ್ಕಕ್ಕೆ ಬಂದು ನಿಂತಿದ್ದವು. ಊರಿನಿಂದ ಮಗನ ಮನೆಗೆ ಬಂದಿದ್ದ ಅಜ್ಜಿಯೊಬ್ಬರು "ಏನಪ್ಪಾ ಡಾಕ್ಟ್ರೇ, ಅಕ್ಷರಕ್ಕೆ ಮೂಳೆ ಮುರಿದಿದೆಯಲ್ಲ!" ಎಂದರು. ನಾವು ನಕ್ಕೆವು. ಮರುವಾರ ಕನ್ನಡ ತರಗತಿಯ ಮಕ್ಕಳು ಅದೇ ಮುರಿದ ಅಕ್ಷರವನ್ನು ಪುಸ್ತಕದಲ್ಲಿ ಬರೆದು ತಂದಾಗ ಮಾತ್ರ ನಗು ಬರಲಿಲ್ಲ.

ತಪ್ಪು ಯಾರದು? ಸೊರೆಂಟೊ ವ್ಯಾಲಿಯಲ್ಲಿ ಕೆಲಸ ಮಾಡುವ ಆ ತರುಣ ವಿನ್ಯಾಸಕಾರ ಕನ್ನಡದವನಲ್ಲ. ಎರಡು ರಾತ್ರಿ ನಿದ್ದೆಗೆಟ್ಟು ಬಿಟ್ಟಿಯಾಗಿ ಮಾಡಿಕೊಟ್ಟವನು. ಕರಡು ಕಳಿಸಿ ಒಪ್ಪಿಗೆ ಕೇಳಿದ್ದ. ನಾವು ಬಣ್ಣ ನೋಡಿ 'ಆಗಲಿ' ಎಂದೆವು, ಅಕ್ಷರ ನೋಡಲಿಲ್ಲ. ತಪ್ಪು ನಮ್ಮದೇ.

ಕನ್ನಡ ಬಾರದವರ ಕೈಯಲ್ಲಿ ಕನ್ನಡ ಅಕ್ಷರ ಮೂಡಿಸುವ ಕಷ್ಟ ಹೊಸದಲ್ಲ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಅಚ್ಚಾದದ್ದು ದೂರದ ಬಂಗಾಳದ ಶ್ರೀರಾಮಪುರದಲ್ಲಿ. ಮಂಗಳೂರಿಗೆ 1834ರಲ್ಲಿ ಬಂದ ಬಾಸೆಲ್ ಮಿಷನ್ನಿನವರು 1841ರಲ್ಲಿ ಮುದ್ರಣಾಲಯ ತೆರೆದಾಗ ಆರಂಭಿಸಿದ್ದು ಕಲ್ಲಚ್ಚಿನಿಂದ. ಜಿಡ್ಡಿನ ಶಾಯಿಯ ಬರಹವನ್ನು ನಯವಾದ ಕಲ್ಲಿನ ಮೇಲೆ ಮೂಡಿಸಿ, ಕಲ್ಲನ್ನು ಒದ್ದೆ ಮಾಡಿ ಮಸಿ ಉರುಳಿಸಿದರೆ ಬರಹ ಮಾತ್ರ ಮಸಿ ಹಿಡಿಯುತ್ತದೆ. ಇದರಲ್ಲಿ ಒಂದು ದೊಡ್ಡ ಅನುಕೂಲವಿತ್ತು: ಬರೆಯುವ ಕೈಗೆ ಕನ್ನಡ ಬಂದರೆ ಸಾಕು, ಒತ್ತು ದೀರ್ಘ ಎಲ್ಲವೂ ತಮ್ಮ ಜಾಗದಲ್ಲೇ ಇರುತ್ತಿದ್ದವು.

ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಹೊರತಂದ 'ಮಂಗಳೂರ ಸಮಾಚಾರ' ಹೀಗೆ ಕಲ್ಲಚ್ಚಿನಲ್ಲೇ ಬಂತು. ಅದು ನಾಲ್ಕು ಪುಟದ ಪಾಕ್ಷಿಕ. ಆ ದಿನವನ್ನೇ ಕರ್ನಾಟಕದಲ್ಲಿ ಪತ್ರಿಕಾ ದಿನವಾಗಿ ಆಚರಿಸುತ್ತಾರೆ. ಮರುವರ್ಷ ಪತ್ರಿಕೆ ಬಳ್ಳಾರಿಗೆ ಹೋಗಿ, 'ಕನ್ನಡ ಸಮಾಚಾರ' ಎಂಬ ಹೆಸರಿನಲ್ಲಿ ಅಚ್ಚುಮೊಳೆಗಳಿಂದ ಮುದ್ರಣವಾಯಿತು. ಮೊಳೆ ಬಂದ ಮೇಲೆ ಪ್ರತಿ ಗುಣಿತಾಕ್ಷರಕ್ಕೂ ಒತ್ತಿಗೂ ಲೋಹದ ಆಕಾರ ಬೇಕಾಯಿತು. ಜೋಡಿಸಲು ಅಕ್ಷರ ಬಲ್ಲವರೂ ಬೇಕಾದರು. ಈ ಮುದ್ರಣದ ಪರಂಪರೆಯಲ್ಲೇ 1894ರಲ್ಲಿ ಕಿಟ್ಟೆಲರ ನಿಘಂಟು ಮಂಗಳೂರಿನಿಂದ ಹೊರಬಂತು.

ನಮ್ಮ ವಾರ್ತಾಪತ್ರದ ಚರಿತ್ರೆಯೂ ಇದೇ ದಾರಿ ಹಿಡಿಯಿತೆಂದರೆ ಹಲವರಿಗೆ ಸೋಜಿಗ. ಮೊದಲ ಸಂಚಿಕೆಗಳನ್ನು ದುಂಡಗಿನ ಅಕ್ಷರದವರು ಕೈಯಲ್ಲೇ ಬರೆದು, ಜೆರಾಕ್ಸ್ ಮಾಡಿ ಹಂಚಿದೆವು. ಅದು ನಮ್ಮ ಕಲ್ಲಚ್ಚು! ಅಮೆರಿಕದಲ್ಲಿದ್ದ ಶೇಷಾದ್ರಿವಾಸು ಅವರ 'ಬರಹ' ತಂತ್ರಾಂಶ 1998ರಲ್ಲಿ ಬಂದ ಮೇಲೆ ಮೊಳೆಯ ಕಾಲ ಶುರುವಾಯಿತು. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಸ್ಥಾನ ಸಿಕ್ಕಿತ್ತು. ಆದರೂ ಒತ್ತಕ್ಷರ ಜೋಡಿಸಲು ಅರಿಯದ ವಿನ್ಯಾಸದ ತಂತ್ರಾಂಶದಲ್ಲಿ ಅಕ್ಷರ ಒಡೆಯುತ್ತದೆ. ನಮ್ಮ ಬ್ಯಾನರಿಗೆ ಆದದ್ದೂ ಅದೇ.

ಆ ಪೆಟ್ಟಿನಿಂದ ನಾವು ಕಲಿತದ್ದು ನಾಲ್ಕು ಮಾತು. ಒಂದು, ಒಳ್ಳೆಯ ರೋಗಿ ವೈದ್ಯರ ಬಳಿ ಬಂದು 'ಇಂಥ ಮಾತ್ರೆ ಕೊಡಿ' ಎನ್ನುವುದಿಲ್ಲ, ಎಲ್ಲಿ ನೋವು ಎಂದು ಹೇಳುತ್ತಾನೆ. ವಿನ್ಯಾಸಕಾರರಿಗೂ 'ಕೆಂಪು ಹಾಕಿ, ಹಳದಿ ಹಾಕಿ' ಎನ್ನುವ ಬದಲು ಯಾರು ನೋಡಬೇಕು, ಎಷ್ಟು ದೂರದಿಂದ ಓದಬೇಕು ಎಂಬುದನ್ನು ಹೇಳೋಣ. ಎರಡು, ಕನ್ನಡ ಬಲ್ಲವರು ತಿದ್ದಿದ ಪೂರ್ತಿ ಬರಹವನ್ನು ಮೊದಲೇ ಕೊಡೋಣ. ಜೊತೆಗೆ ಅಕ್ಷರ ಹೇಗೆ ಕಾಣಬೇಕೆಂದು ಒಂದು ಕಾಗದದಲ್ಲಿ ಬರೆದುಕೊಡೋಣ. ಸಾಲುಗಳ ನಡುವೆ ಒತ್ತಿಗೆ ಜಾಗ ಬಿಡಲು ಹೇಳೋಣ. ಮೂರು, ಸಮಿತಿಯ ಹನ್ನೊಂದು ಜನ ಹನ್ನೊಂದು ಫೋನು ಮಾಡದೆ, ಒಬ್ಬರೇ ಮಾತಾಡಲಿ. ನಾಲ್ಕು, ಬಿಟ್ಟಿ ಕೆಲಸವೆಂದರೆ ಬೆಲೆಯಿಲ್ಲದ ಕೆಲಸವಲ್ಲ. ಗಡುವಿಗೆ ಮೂರು ವಾರ ಮುಂಚೆ ಹೇಳೋಣ, ಹೆಸರು ಹಾಕಿ ಕೃತಜ್ಞತೆ ಸಲ್ಲಿಸೋಣ.

ಆ ತರುಣ ಬೇಸರಪಡದೆ ಈ ಸಲವೂ ಒಪ್ಪಿದ್ದಾನೆ. ಕರಡು ಬಂದ ಕೂಡಲೇ ಮೊದಲು ಕನ್ನಡ ತರಗತಿಗೆ ಹೋಗುತ್ತದೆ. ತಪ್ಪು ಹಿಡಿದ ಮಗುವಿಗೆ ಒಂದು ಮೈಸೂರುಪಾಕು, ನಮ್ಮ ಖರ್ಚಿನಲ್ಲಿ.