ಗ್ರಂಥಾಲಯಗಳಲ್ಲಿ ಲಿಂಕ್ಡ್ ಓಪನ್ ಡೇಟಾ

ಡಿಜಿಟಲ್ ಗ್ರಂಥಾಲಯದ ಕ್ಯಾಟಲಾಗಿನಲ್ಲಿರುವ ಲೇಖಕ, ಕೃತಿ, ಸ್ಥಳ, ವಿಷಯಗಳಿಗೆ ಒಂದೊಂದು ಸ್ಥಿರ ಜಾಲವಿಳಾಸ ಕೊಟ್ಟು, ಬೇರೆ ಸಂಸ್ಥೆಗಳ ಮುಕ್ತ ದತ್ತಾಂಶದೊಡನೆ ಜೋಡಿಸುವ ಪದ್ಧತಿ. ಇದರ ನಾಲ್ಕು ಸೂತ್ರಗಳನ್ನು ವೆಬ್‌ನ ಜನಕ ಟಿಮ್ ಬರ್ನರ್ಸ್-ಲೀ 2006ರಲ್ಲಿ ನಿರೂಪಿಸಿದರು. ಸ್ವೀಡನ್ನಿನ ಲಿಬ್ರಿಸ್ ಕ್ಯಾಟಲಾಗ್ 2008ರಲ್ಲಿ ಈ ದಾರಿ ಹಿಡಿಯಿತು. ಮರುವರ್ಷ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ವಿಷಯಶೀರ್ಷಿಕೆಗಳನ್ನು ಹೀಗೆ ತೆರೆದಿಟ್ಟಿತು. ಹೆಸರುಗಳ ಗೊಂದಲ ಕಳೆಯುವುದೇ ಇದರ ದೊಡ್ಡ ಲಾಭ. ಒಬ್ಬರೇ ಲೇಖಕರ ಹೆಸರು ಒಂದೆಡೆ ‘ಕುವೆಂಪು’, ಇನ್ನೊಂದೆಡೆ ‘ಕೆ. ವಿ. ಪುಟ್ಟಪ್ಪ’, ಮತ್ತೊಂದೆಡೆ ರೋಮನ್ ಲಿಪಿಯ ರೂಪ ಇರಲಿ, ಮೂರನ್ನೂ ವಿಕಿಡೇಟಾದಂಥ ಮುಕ್ತ ದತ್ತಾಂಶ ಸಂಗ್ರಹದ ಒಂದೇ ಗುರುತುಸಂಖ್ಯೆಗೆ ಕಟ್ಟಿದರೆ ಯಾವ ಹೆಸರಿನಿಂದ ಹುಡುಕಿದರೂ ಎಲ್ಲ ಕೃತಿಗಳೂ ಒಟ್ಟಿಗೆ ಸಿಗುತ್ತವೆ. ಕೊಂಡಿ ತಪ್ಪಿದರೆ ಮಾತ್ರ ಒಬ್ಬರ ಪುಸ್ತಕ ಇನ್ನೊಬ್ಬರ ಖಾತೆಗೆ ಬೀಳುತ್ತದೆ. ಒಂದೇ ಹೆಸರಿನವರು ಹೇರಳವಾಗಿರುವ ಕನ್ನಡದಲ್ಲಂತೂ ಯಂತ್ರ ಮಾಡಿದ ಜೋಡಣೆಯನ್ನು ಗ್ರಂಥಪಾಲಕರು ಮತ್ತೊಮ್ಮೆ ನೋಡಲೇಬೇಕು.